ಬಾಗಿಲಾಚೆಯ ಉತ್ತರ

ಗಟ್ಟಿಯಾಗಿ ಓದದೆ ಸೈಮಿಗೆ ಯಾವ ಪ್ರಶ್ನೆಯೂ ಅರ್ಥವಾಗುತ್ತಿರಲಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಹಾಗೆಯೇ ಇತ್ತು, ಅರವತ್ತನಾಲ್ಕು ತುಂಬಿದ ಮೇಲೂ ಹಾಗೆಯೇ ಉಳಿದಿತ್ತು. ಅವಳ ಅಪ್ಪ ವಾರವೆಲ್ಲ ಕಾಡಿನಲ್ಲಿ ಮರ ಕಡಿದು ಭಾನುವಾರ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದವನು. ಅವನ ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆ ಪ್ರತಿ ಮಗುವೂ ಒಂದೊಂದು ಕೀರ್ತನೆಯನ್ನು ಪುಸ್ತಕ ನೋಡದೆ ಒಪ್ಪಿಸಬೇಕಿತ್ತು. ಕಣ್ಣಿಗೆ ಕಂಡದ್ದು ಬಾಯಿಗೆ ಬಂದು, ಬಾಯಿಂದ ಕಿವಿಗೆ ಹೋದ ಮೇಲೆಯೇ ಅವಳೊಳಗೆ ನಿಲ್ಲುತ್ತಿತ್ತು.

ಆದ್ದರಿಂದ ತಜ್ಞವೈದ್ಯರಿಗೆ ಸರ್ಟಿಫಿಕೇಟು ಕೊಡುವ ಬೋರ್ಡಿನ ಪ್ರಶ್ನೆಗಳಿಗೆ ಅವಳು ಶನಿವಾರದ ಮಧ್ಯಾಹ್ನವನ್ನೂ ಸೌನಾದ ಹೊರಕೋಣೆಯನ್ನೂ ಗೊತ್ತು ಮಾಡಿಕೊಂಡಿದ್ದಳು. ಹಿತ್ತಲಿನಲ್ಲಿ, ಮನೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ಪುಟ್ಟ ಮರದ ಕಟ್ಟಡ ಅದು. ಒಳಗೆ ಕಾದ ಕಲ್ಲಿಗೆ ನೀರು ಸುರಿದು ಬೆವರುವ ಹಬೆಕೋಣೆ, ಹೊರಗೆ ಬಟ್ಟೆ ಬಿಚ್ಚಿಡುವ ಕೋಣೆ. ಗಂಡ ಅರ್ವಿದ್ ತನ್ನ ಕಿವಿಯ ಯಂತ್ರವನ್ನು ತೆಗೆದು ಡಬ್ಬಿಯಲ್ಲಿಟ್ಟು, ಹಬೆಕೋಣೆಯ ದಪ್ಪ ಬಾಗಿಲನ್ನು ಎಳೆದುಕೊಂಡ ಮೇಲೆ ಅವಳು ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಯಂತ್ರವಿಲ್ಲದೆ ಅವನಿಗೆ ಕೋಣೆಯಾಚೆಯ ಮಾತು ಕೇಳಿಸದು. ಹಾಗಾಗಿ ತಾನು ಒಬ್ಬಳೇ ಇದ್ದೇನೆ ಎಂದೇ ಅವಳ ಎಣಿಕೆ.

ಒಬ್ಬಳೇ ಇರಬೇಕಾದದ್ದು ನಿಯಮ. ವರ್ಷಕ್ಕೆ ನಾಲ್ಕು ಕಂತು, ಕಂತಿಗೆ ಮೂವತ್ತು ಪ್ರಶ್ನೆ, ಹೀಗೆ ಐದು ವರ್ಷ. ಒಂದೊಂದು ಪ್ರಶ್ನೆಗೂ ನಾಲ್ಕು ನಿಮಿಷ. ಯಾವ ಪುಸ್ತಕವನ್ನು ಬೇಕಾದರೂ ತೆರೆಯಬಹುದು, ಏನು ಬೇಕಾದರೂ ಹುಡುಕಬಹುದು. ಮನುಷ್ಯರನ್ನು ಮಾತ್ರ ಕೇಳುವಂತಿಲ್ಲ, ಮನುಷ್ಯರಿಗೆ ಪ್ರಶ್ನೆಯನ್ನು ತಿಳಿಸುವಂತೆಯೂ ಇಲ್ಲ. ಪ್ರತಿ ಸಲ ಶುರುವಿನಲ್ಲಿ ಆ ಮಾತು ಪರದೆಯ ಮೇಲೆ ಮೂಡುತ್ತಿತ್ತು. ಒಪ್ಪಿದ್ದೇನೆ ಎಂದು ಗುರುತು ಹಾಕಿದ ಮೇಲೆಯೇ ಪ್ರಶ್ನೆ ಬರುತ್ತಿತ್ತು. ಐದು ವರ್ಷದ ಅಂಕ ಪಾಸಿನ ಗೆರೆ ದಾಟಿದರೆ ಜನರಲ್ ಮೆಡಿಸಿನ್ನಿನ ತಜ್ಞೆ ಎಂಬ ಸರ್ಟಿಫಿಕೇಟು ಉಳಿಯುತ್ತದೆ. ಅದು ಉಳಿದರೆ ಊರಿನ ಇಪ್ಪತ್ತೈದು ಹಾಸಿಗೆಯ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲು ಮಾಡಿಕೊಳ್ಳುವ ಹಕ್ಕು ಉಳಿಯುತ್ತದೆ. ಹೋದರೆ ಅದೂ ಹೋಗುತ್ತದೆ. ಮುಂದಿನ ಆಸ್ಪತ್ರೆ ಎಪ್ಪತ್ತು ಮೈಲಿ ದೂರ. ಸರೋವರದ ಕಡೆಯಿಂದ ಹಿಮ ಬೀಸಿದರೆ ಆ ದಾರಿ ಎರಡು ದಿನ ಮುಚ್ಚಿರುತ್ತದೆ.

ಅರ್ವಿದ್‌ಗೆ ಈ ಕಾಟವೇ ಇರಲಿಲ್ಲ. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿ, ಒಂದೇ ವಾರ್ಡಿನಲ್ಲಿ ತರಬೇತಿ ಪಡೆದವರು. ಅವನು ಬೋರ್ಡಿನ ಪರೀಕ್ಷೆ ಬರೆದದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ. ಆ ವರ್ಷ ಸೈಮಿಗೆ ಮೊದಲ ಹೆರಿಗೆ, ಹಾಗಾಗಿ ಅವಳು ತೊಂಬತ್ತರಲ್ಲಿ ಬರೆದಳು. ಎಂಬತ್ತೊಂಬತ್ತರವರೆಗೆ ಪಾಸಾದವರ ಸರ್ಟಿಫಿಕೇಟು ಜೀವಮಾನಕ್ಕೆ. ತೊಂಬತ್ತರಿಂದ ಈಚೆಗೆ ಹತ್ತೇ ವರ್ಷಕ್ಕೆ, ಆಮೇಲೆ ಮತ್ತೆ ಸಾಬೀತು ಮಾಡಬೇಕು, ಮೊದಲೆಲ್ಲ ಒಂದೇ ದಿನದ ದೊಡ್ಡ ಪರೀಕ್ಷೆಯಿಂದ, ಈಗ ಈ ಕಂತುಗಳಿಂದ. ಎಂಬತ್ತೊಂಬತ್ತರಲ್ಲಿ ಹುಟ್ಟಿದ ಮಗಳೀಗ ಮೂವತ್ತಾರು ವರ್ಷದವಳು. ಅಮ್ಮನ ಪರೀಕ್ಷೆಯ ಸುದ್ದಿ ಬಂದಾಗಲೆಲ್ಲ ಎಲ್ಲ ತನ್ನಿಂದಲೇ ಆಯಿತೆಂದು ಫೋನಿನಲ್ಲಿ ಕ್ಷಮೆ ಕೇಳಿ ನಗುತ್ತಿದ್ದಳು. ಅರ್ವಿದ್ ಹೇಳುತ್ತಿದ್ದದ್ದು ಬೇರೆ.

“ನಂದು ಸ್ವಂತ ಮನೆ ಕಣೇ. ನಿಂದು ಬಾಡಿಗೆ. ಓನರ್ ಬಂದು ಬಾಗಿಲು ತಟ್ಟಿದಾಗೆಲ್ಲ ನೀನು ಏಳ್ಬೇಕು.”

ಮೂರು ವರ್ಷದ ಹಿಂದೆ ಅವನು ಕೆಲಸ ಬಿಟ್ಟ. ಜೀವಮಾನದ ಸರ್ಟಿಫಿಕೇಟು ಗೋಡೆಯ ಮೇಲೆ ಉಳಿಯಿತು, ರೋಗಿಗಳು ಉಳಿಯಲಿಲ್ಲ.

ಅದು ಡಿಸೆಂಬರಿನ ಎರಡನೆಯ ಶನಿವಾರ. ಕೊನೆಯ ವರ್ಷದ ಕೊನೆಯ ಕಂತಿನಲ್ಲಿ ಇನ್ನು ಮೂರೇ ಪ್ರಶ್ನೆ ಉಳಿದಿದ್ದವು. ಹಿಂದಿನ ವರ್ಷಗಳ ಅಂಕ ಗೆರೆಗೆ ಆತುಕೊಂಡೇ ನಡೆದಿತ್ತು, ಒಮ್ಮೆ ತುಸು ಮೇಲೆ, ಒಮ್ಮೆ ತುಸು ಕೆಳಗೆ. ಸೈಮಿ ಓದಿದಳು. ಐವತ್ತೆಂಟು ವರ್ಷದ ಹೆಂಗಸು, ಯಾವ ತೊಂದರೆಯೂ ಇಲ್ಲ. ಬೇರೆ ಯಾತಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಹೆಚ್ಚು. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಸ್ವಲ್ಪ ಹೆಚ್ಚು. ಮೂತ್ರದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆ. ತಾಯಿಗೂ ಹೀಗೇ ಇತ್ತು. ಮುಂದೇನು ಮಾಡುತ್ತೀರಿ? ನಾಲ್ಕು ಉತ್ತರಗಳಲ್ಲಿ ಮೊದಲನೆಯದು ಆಪರೇಷನ್ ಮಾಡಿ ಗ್ರಂಥಿ ತೆಗೆಸುವುದು, ಕೊನೆಯದು ಏನೂ ಮಾಡದಿರುವುದು.

ಅವಳು ಪುಸ್ತಕದಲ್ಲಿ ಬೇರೆ ಪುಟ ತೆರೆದಿದ್ದಳು. ಸರಿಯಾದ ಪುಟ ಹುಡುಕುವಷ್ಟರಲ್ಲಿ ಗಡಿಯಾರ ಕೆಂಪಗಾಯಿತು. ನಲವತ್ತು ಸೆಕೆಂಡು. “ಗ್ರಂಥಿ ತೆಗೆಸೋದು,” ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡು ಬೆರಳನ್ನು ಅತ್ತ ಒಯ್ದಳು.

ಬಾಗಿಲಿನ ಆಚೆಯಿಂದ, ಕಲ್ಲಿಗೆ ನೀರು ಬಿದ್ದ ಸುಯ್ ಶಬ್ದದ ಜೊತೆಗೇ, ಅರ್ವಿದ್‌ನ ಧ್ವನಿ ಬಂತು.

“ಮೂತ್ರದಲ್ಲಿ ಕಮ್ಮಿ ಅಂದೆಯಲ್ಲೇ. ಅದು ವಂಶದ ಗುಣ. ಕತ್ತಿ ಮುಟ್ಟಿಸ್ಬೇಡ, ಅವಳನ್ನ ಸುಮ್ನೆ ಬಿಟ್ಬಿಡು.”

ಬೆರಳು ತಾನಾಗಿ ನಾಲ್ಕನೆಯದಕ್ಕೆ ಹೋಯಿತು. ಪರದೆ ಹಸಿರಾಯಿತು. ಉತ್ತರ ಸರಿ ಎಂದು ಬಂತು, ಯಾಕೆ ಸರಿ ಎಂಬ ಎರಡು ಪ್ಯಾರಾ ವಿವರಣೆಯೂ ಬಂತು. ಸೈಮಿ ಅದನ್ನು ಓದಲಿಲ್ಲ. ಇನ್ನು ಹತ್ತು ಸೆಕೆಂಡು ಅವನು ತಡೆದಿದ್ದರೆ ಮೂತ್ರದ ಮಾತನ್ನು ತಾನೇ ಮತ್ತೊಮ್ಮೆ ನೋಡುತ್ತಿದ್ದೆನೋ ಏನೋ. ನೋಡುತ್ತಿದ್ದೆ ಎಂದು ನಂಬಲು ಮನಸ್ಸು ಹೇಳಿತು. ತಿಳಿಯುವ ದಾರಿ ಮಾತ್ರ ಇನ್ನಿರಲಿಲ್ಲ.

ಅರ್ವಿದ್ ಕೆಂಪಗೆ ಬೆಂದವನಂತೆ ಹೊರಗೆ ಬಂದ, ಟವೆಲು ಸುತ್ತಿಕೊಂಡ, ಡಬ್ಬಿಯಿಂದ ಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡ, ಕಾಫಿ ಇದೆಯಾ ಎಂದು ಕೇಳಿದ. ಇದೆ ಎಂದಳು.

ಅಂದಿನಿಂದ ಸೈಮಿಗೆ ಒಂದು ಕಡೆ ಕೂರುವುದು ಆಗದೆ ಹೋಯಿತು. ಉಳಿದೆರಡು ಪ್ರಶ್ನೆಗಳನ್ನು ಕಾರಿನಲ್ಲಿ ಕೂತು, ಕಿಟಕಿ ಏರಿಸಿ ಮುಗಿಸಿದಳು. ಕ್ಲಿನಿಕ್ಕಿನಲ್ಲಿ ರೋಗಿ ಮಾತಾಡುತ್ತಿರುವಾಗಲೇ ಎದ್ದು ಕಿಟಕಿಯ ಪರದೆ ಸರಿಪಡಿಸುತ್ತಿದ್ದಳು. ಮನೆಯಲ್ಲಿ ಒಗೆದಿಟ್ಟ ಬಟ್ಟೆಯನ್ನು ಮತ್ತೆ ಒಗೆಯಲು ಹಾಕಿದಳು. ಎರಡು ಸಲ ಬೂಟು ಹಾಕಿಕೊಂಡು ಹಿಮ ಗುಡಿಸಲು ಹೊರಗೆ ಹೋದಳು, ಗುಡಿಸಲು ಏನೂ ಇರಲಿಲ್ಲ. ಫೇಲಾದರೆ ಮಾತೇ ಮುಗಿಯಿತು, ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ ಎಂದುಕೊಂಡಳು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅವಳು ಫೇಲಾಗಲಿ ಎಂದು ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ನಾಚಿಕೆಯಾಗಿ ಮತ್ತೆ ಬೂಟು ಹಾಕಿಕೊಂಡಳು.

ಜನವರಿಯ ನಡುವೆ ಫಲಿತಾಂಶ ಬಂತು. ಪಾಸು. ಗೆರೆಗಿಂತ ಕೂದಲೆಳೆಯಷ್ಟು ಮೇಲೆ. ಆ ಕೂದಲೆಳೆ ಎಷ್ಟು ಪ್ರಶ್ನೆಗೆ ಸಮ ಎಂದು ಬೋರ್ಡು ಹೇಳುವುದಿಲ್ಲ.

ಆಸ್ಪತ್ರೆಯ ಕಚೇರಿಯಲ್ಲಿ ವೈದ್ಯರ ಕಡತಗಳನ್ನು ನೋಡಿಕೊಳ್ಳುವ ಮಾರ್ಲಿಸ್ ಆ ಸುದ್ದಿಯನ್ನು ಸೈಮಿಗಿಂತ ಮೊದಲೇ ನೋಡಿದ್ದಳು. ಯಾರ ಸರ್ಟಿಫಿಕೇಟು ಯಾವಾಗ ಮುಗಿಯುತ್ತದೆ ಎಂಬುದು ಅವಳಿಗೆ ತನ್ನ ಮಕ್ಕಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿರುತ್ತಿತ್ತು. ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡಿನ ದೊಡ್ಡ ಸುರುಳಿ ತಂದು ಸೈಮಿಯ ಮೇಜಿನ ಮೇಲಿಟ್ಟಳು, ಅದರ ಪಕ್ಕದಲ್ಲೇ ಇನ್ನೊಂದು ಕಡತ ಇಟ್ಟಳು.

“ನಿಮ್ಮದಾಯ್ತು, ಡಾಕ್ಟ್ರೇ. ಇನ್ನು ವೆಸ್ಲಿದು. ಗುರುವಾರ ಸಮಿತಿ.”

ಡಾಕ್ಟರ್ ವೆಸ್ಲಿ ಟ್ರೆವಾರೋ ಊರಿನಲ್ಲಿ ರೋಗಿಗಳನ್ನು ದಾಖಲು ಮಾಡಿಕೊಳ್ಳುತ್ತಿದ್ದ ಇನ್ನೊಬ್ಬ ಜನರಲ್ ಡಾಕ್ಟರು. ಮೂವತ್ತೇಳರ ಪ್ರಾಯ, ಹಳೆಯ ಗಣಿ ಕೆಲಸಗಾರರ ಮನೆತನ. ತರಬೇತಿ ಮುಗಿಸಿದವರು ಏಳು ವರ್ಷದೊಳಗೆ ಬೋರ್ಡಿನ ಮೊದಲ ಪರೀಕ್ಷೆ ಪಾಸಾಗಬೇಕು. ಅವನು ಮೂರು ಸಲ ಬರೆದು ಮೂರು ಸಲವೂ ಬಿದ್ದಿದ್ದ. ಡಿಸೆಂಬರಿನ ಕೊನೆಗೆ ಏಳು ವರ್ಷ ಮುಗಿದಿತ್ತು. ಸರಿಯಾದ ಕಾರಣವಿದ್ದರೆ, ವೈದ್ಯರ ಹಕ್ಕುಗಳನ್ನು ತೀರ್ಮಾನಿಸುವ ಆಸ್ಪತ್ರೆಯ ಸಮಿತಿ ಇನ್ನೂ ಪಾಸಾಗದ ಹೊಸಬರಿಗೆ ಒಂದೇ ಒಂದು ಸಲ ಎರಡು ವರ್ಷದ ರಿಯಾಯಿತಿ ಕೊಡಬಹುದಿತ್ತು. ಸಮಿತಿಯ ಅಧ್ಯಕ್ಷೆ ಸೈಮಿ ಅದನ್ನು ಯಾರಿಗೂ ಕೊಟ್ಟವಳಲ್ಲ. ನಿಯಮ ಒಬ್ಬರಿಗೆ ಬಗ್ಗಿದರೆ ಎಲ್ಲರಿಗೂ ಬಗ್ಗಬೇಕು ಎನ್ನುತ್ತಿದ್ದಳು. ವೆಸ್ಲಿಗೆ ಕೊಡಬೇಕಾದ ಪತ್ರವನ್ನು ನವೆಂಬರಿನಲ್ಲೇ ಬರೆದಿಟ್ಟಿದ್ದಳು. ‘ವಿಷಾದದಿಂದ ತಿಳಿಸುವುದೇನೆಂದರೆ’ ಎಂದು ಶುರುವಾಗುತ್ತಿದ್ದ ಅದು ಸಹಿಗಾಗಿ ಕಡತದೊಳಗೆ ಕಾಯುತ್ತಿತ್ತು.

ಅವಳು ಪೆನ್ನು ತೆಗೆದಳು, ಮುಚ್ಚಳ ಹಾಕಿದಳು. ಆಮೇಲೆ ನೋಡುತ್ತೇನೆ ಎಂದಳು. ಮಾರ್ಲಿಸ್ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಬ್ರೆಡ್ಡಿನ ಒಂದು ತುಂಡು ತಾನೇ ಮುರಿದುಕೊಂಡು ಹೋದಳು.

ಅದೇ ಮಧ್ಯಾಹ್ನ ವೆಸ್ಲಿ ಅವಳನ್ನು ವಾರ್ಡಿನ ಬಾಗಿಲಲ್ಲೇ ಹಿಡಿದ. ಅವನ ಅಭ್ಯಾಸವೇ ಹಾಗೆ. ಯಾರನ್ನು ಬೇಕಾದರೂ ನಿಲ್ಲಿಸಿ ಕೇಳುತ್ತಿದ್ದ. ಸರ್ಜನ್‌ನನ್ನು, ಔಷಧದಂಗಡಿಯವನನ್ನು, ರಾತ್ರಿ ಪಾಳಿ ಮುಗಿಸಿ ಹೊರಟ ನರ್ಸನ್ನು. ಜ್ವರ ಇಳಿಯದ ಒಬ್ಬ ಮೀನುಗಾರನ ವಿಷಯ ಹೇಳಿ, ತನಗೆ ನ್ಯುಮೋನಿಯಾ ಅನ್ನಿಸುತ್ತಿಲ್ಲ ಎಂದ. ಸೈಮಿ ಹಾಸಿಗೆಯ ಹತ್ತಿರ ಹೋದಳು, ಬೆನ್ನಿಗೂ ಎದೆಗೂ ಸ್ಟೆತಾಸ್ಕೋಪ್ ಇಟ್ಟಳು, ಬೆರಳುಗಳ ಉಗುರು ನೋಡಿದಳು, ಹೃದಯದ ಕವಾಟವನ್ನು ಸ್ಕ್ಯಾನ್ ಮಾಡಿಸು ಎಂದಳು. ಸಂಜೆಗೆ ಕವಾಟದಲ್ಲಿ ಸೋಂಕು ಕಂಡಿತು. ವೆಸ್ಲಿ ಕಾರು ನಿಲ್ಲಿಸುವ ಜಾಗದವರೆಗೂ ಅವಳ ಹಿಂದೆಯೇ ಬಂದ. ಎರಡು ದಿನ ತಡವಾಗಿದ್ದರೆ ಆ ಮನುಷ್ಯ ಉಳಿಯುತ್ತಿರಲಿಲ್ಲ, ನಿಮ್ಮನ್ನು ಕೇಳಿದ್ದು ಒಳ್ಳೆಯದಾಯಿತು ಎಂದ. ಆಮೇಲೆ ಕಾಲಿನಿಂದ ಹಿಮ ಕೆದಕುತ್ತ ನಿಂತ.

“ಗುರುವಾರ ನನ್ನ ವಿಷ್ಯ ಬರುತ್ತೆ ಅಂತ ಗೊತ್ತು. ನಿಮಗೆ ಕಷ್ಟ ಕೊಡಲ್ಲ. ಪರೀಕ್ಷೆ ಕೋಣೇಲಿ ಕೂತ್ರೆ ನಂಗೆ ತಲೆ ಖಾಲಿ ಆಗೋಗುತ್ತೆ, ಅಷ್ಟೇ. ಪಕ್ಕದಲ್ಲಿ ಯಾರೂ ಇಲ್ಲ ಅನ್ನೋದೇ ತಲೇಲಿ ಕೂತಿರುತ್ತೆ.”

ಸೈಮಿಗೆ ಕಾರಿನ ಬೀಗದ ಕೈ ಸಿಗಲಿಲ್ಲ. ಅದು ಅವಳ ಕೈಯಲ್ಲೇ ಇತ್ತು.

ಅವಳ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಮನಸ್ಸು ಭಾರವಾದವರು ಪಾದ್ರಿಯ ಹತ್ತಿರವೇ ಹೋಗಬೇಕಾಗಿಲ್ಲ. ಪಕ್ಕದಲ್ಲಿ ಕೂತ ವಿಶ್ವಾಸಿಯ ಕಡೆ ತಿರುಗಿ ಕ್ಷಮೆ ಕೇಳಬಹುದು. ಕೇಳಿದವರಿಗೆ ಅವರು ಬಾಯಿಬಿಟ್ಟು ಕ್ಷಮೆಯನ್ನು ಸಾರಬೇಕು. ಆ ಭಾನುವಾರ ಸೈಮಿ ಎಂಬತ್ತೊಂಬತ್ತು ವರ್ಷದ ಲೆಂಪಿ ದೊಡ್ಡಮ್ಮನ ಪಕ್ಕ ಕೂತಳು. ಲೆಂಪಿ ಸೈಮಿಯ ಅಪ್ಪನ ಉಪದೇಶ ಕೇಳಿದ್ದವಳು. ಪ್ರಾರ್ಥನೆ ಮುಗಿದು ಜನ ಕೋಟುಗಳಿಗೆ ಕೈ ಚಾಚುತ್ತಿದ್ದಾಗ ಸೈಮಿ ಅವಳ ಕಿವಿಯ ಹತ್ತಿರ ಬಾಗಿ, ಒಂದು ಕಡೆ ಸುಳ್ಳಿಗೆ ಸಹಿ ಹಾಕಿದ್ದೇನೆ ಎಂದಳು. ಮುದುಕಿ ಯಾವ ಸುಳ್ಳು ಎಂದು ಕೇಳಲಿಲ್ಲ. ಒಣಗಿದ ಕೈಯನ್ನು ಸೈಮಿಯ ಕುತ್ತಿಗೆಗೆ ಹಾಕಿ, ಯೇಸುವಿನ ಹೆಸರಿನಲ್ಲಿ, ಆತನ ರಕ್ತದಲ್ಲಿ ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ, ನಂಬು ಎಂದಳು. ಸೈಮಿ ನಂಬಿದಳು. ಹಗುರವೂ ಆಯಿತು. ಮೆಟ್ಟಿಲಿಳಿಯುವಷ್ಟರಲ್ಲಿ ಕಾಲು ಮತ್ತೆ ಚಡಪಡಿಸತೊಡಗಿತು. ಲೆಂಪಿ ಅವಳ ತೋಳು ಹಿಡಿದೇ ಇಳಿಯುತ್ತಿದ್ದಳು.

“ಇನ್ನೂ ಒದ್ದಾಡ್ತಿದ್ದೀಯಲ್ಲ, ಮಗಳೇ.”

“ಕ್ಷಮೆ ಸಿಕ್ತು, ದೊಡ್ಡಮ್ಮ.”

“ಸಿಕ್ತು. ಅದು ದೇವರದ್ದು. ಸುಳ್ಳನ್ನ ಯಾರಿಗೆ ಹೇಳಿದ್ಯೋ ಅವರೂ ಕಾಯ್ತಿರ್ತಾರೆ. ಅವರು ದೇವರಷ್ಟು ಒಳ್ಳೆಯವರಲ್ದೆ ಇರಬಹುದು. ಆದ್ರೂ ಹೋಗ್ಬೇಕು.”

ಮನೆಗೆ ಬಂದವಳೇ ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಅರ್ವಿದ್‌ನ ಎದುರು ನಿಂತಳು. ಅವನು ಮಾಂಸ ತುಂಬಿದ ಕಡುಬನ್ನು ಬಿಸಿಮಾಡಿ ತಿನ್ನುತ್ತಿದ್ದ. ಬೋರ್ಡಿಗೆ ಬರೆಯುತ್ತೇನೆ ಎಂದಳು. ಏನನ್ನು ಎಂದು ಅವನು ಕೇಳಲಿಲ್ಲ, ಕೈಯಲ್ಲಿದ್ದ ಫೋರ್ಕನ್ನು ಕೆಳಗಿಟ್ಟ. ಆಮೇಲೆ ಬಹಳ ಹೊತ್ತು ವಾದಿಸಿದ. ವಾರ್ಡಿನಲ್ಲಿ ಇನ್ನೊಬ್ಬರನ್ನು ಕೇಳದ ಡಾಕ್ಟರು ಅಪಾಯದವನು ಎಂದು ತಮಗೆ ಕಲಿಸಿದವರೇ ಅಲ್ಲವೇ ಈ ಬೋರ್ಡಿನಲ್ಲಿ ಕೂತಿರುವುದು ಎಂದ. ಆರುನೂರು ಪ್ರಶ್ನೆಯಲ್ಲಿ ಒಂದು ಎಂದ. ನೀನು ಹಕ್ಕು ಕಳೆದುಕೊಂಡರೆ, ವೆಸ್ಲಿಯೂ ಹೋದರೆ, ಹಿಮದಲ್ಲಿ ಎಪ್ಪತ್ತು ಮೈಲಿ ಹೋಗುವವರು ನಿನ್ನ ರೋಗಿಗಳು, ಬೋರ್ಡಿನವರಲ್ಲ ಎಂದ. ಅವಳು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ನಡೆಯುತ್ತಲೇ ಇದ್ದಳು.

“ಯಂತ್ರ ಬಿಚ್ಚಿಟ್ಟಿದ್ದೆ ನೀನು. ಹೇಗೆ ಕೇಳಿಸ್ತು?” ಎಂದು ಕೊನೆಗೆ ಕೇಳಿದಳು.

ಅರ್ವಿದ್ ತಟ್ಟೆಯನ್ನು ದೂರ ತಳ್ಳಿದ. ಕಿವಿಗಳು ಕೆಂಪಾದವು.

“ಬಾಗಿಲ ಸಂದಿಗೆ, ಎರಡರಲ್ಲಿ ಚೆನ್ನಾಗಿರೋ ಕಿವಿ ಆನಿಸಿಕೊಂಡು ಕೂತ್ರೆ ಕೇಳ್ಸುತ್ತೆ. ಮೂರು ವರ್ಷದಿಂದ ಹಾಗೇ ಕೂತ್ಕೋತಿದ್ದೆ.”

ಅವಳು ನಿಂತಳು.

“ಯಾವತ್ತೂ ಬಾಯಿ ಬಿಟ್ಟಿಲ್ಲ ಸೈಮಿ, ಆಣೆ. ನೀನು ತಪ್ಪಾಗಿ ಹೇಳಿದಾಗ್ಲೂ ತುಟಿ ಕಚ್ಕೊಂಡಿದ್ದೀನಿ. ಮನಸ್ಸಲ್ಲೇ ಉತ್ತರ ಹೇಳ್ಕೊಂಡು, ನಿನಗಿಂತ ಎಷ್ಟು ಜಾಸ್ತಿ ಬಂತು ಅಂತ ನೋಡ್ಕೋತಿದ್ದೆ. ವಾರವೆಲ್ಲ ನಂಗೆ ಇನ್ನೇನಿದೆ, ಹೇಳು? ನಂಗೊಬ್ಬ ರೋಗಿ ಸಿಗ್ತಿದ್ದದ್ದೇ ಅಲ್ಲಿ. ಅವತ್ತು ಆ ಹೆಂಗಸಿನ ಕುತ್ತಿಗೆಗೆ ನೀನು ಕತ್ತಿ ಹಾಕ್ತೀಯ ಅನ್ನಿಸಿ ತಡ್ಕೊಳ್ಳೋಕಾಗ್ಲಿಲ್ಲ. ಮಿಲ್ ರೋಡಿನ ಅಕ್ಕತಂಗಿಯರು ನೆನಪಿಲ್ವಾ ನಿಂಗೆ? ತೊಂಬತ್ತಾರರಲ್ಲಿ?”

ಆಗ ನೆನಪಾಯಿತು. ಇಬ್ಬರೂ ಕ್ಯಾಲ್ಸಿಯಂ ಹೆಚ್ಚಿದ್ದ ಅಕ್ಕತಂಗಿಯರು. ದೂರದ ಊರಿನಲ್ಲಿ ಅಕ್ಕನಿಗೆ ಸುಮ್ಮನೆ ಆಪರೇಷನ್ ಆಗಿ ಸ್ವರವೇ ಹೋಗಿತ್ತು. ತಂಗಿಯನ್ನು ತಡೆದವನು ಅರ್ವಿದ್. ಸೈಮಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಅವನ ಎದುರಿನ ಕುರ್ಚಿ ಎಳೆದುಕೊಂಡು, ತುಸು ಹೊತ್ತು ಕೂತು, ಮತ್ತೆ ಎದ್ದಳು. ಮೂರು ವರ್ಷ ಅವಳು ಪ್ರತಿ ಪ್ರಶ್ನೆಯನ್ನೂ ಇನ್ನೊಬ್ಬರಿಗೆ ಓದಿ ಹೇಳಿದಂತಾಗಿತ್ತು. ಬರೆಯಬೇಕಾದ್ದು ಒಂದು ಇದ್ದದ್ದು ಈಗ ಎರಡಾಯಿತು.

“ನನ್ನ ಹೆಸರು ಬರಿ,” ಎಂದ ಅರ್ವಿದ್. “ಮುದುಕ ಬಾಯಿ ಹಾಕ್ದ ಅಂತ ಬರಿ. ನನ್ನ ಸರ್ಟಿಫಿಕೇಟನ್ನಂತೂ ಅವರು ಕಿತ್ಕೊಳ್ಳೋಕಾಗಲ್ಲ.”

“ನಿನ್ನ ಬಾಯಿ ವಿಷ್ಯ ಅಲ್ಲ, ಅರ್ವಿದ್. ನನ್ನ ಬೆರಳಿನ ವಿಷ್ಯ.”

ಅವಳು ಬರೆದದ್ದು ಹನ್ನೊಂದು ಸಾಲು. ಬರೆಯುವಾಗ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಕೊಂಡಳು. ಅರ್ವಿದ್ ಪಕ್ಕದ ಕೋಣೆಯಲ್ಲಿ ಯಂತ್ರ ಸಿಕ್ಕಿಸಿಕೊಂಡೇ ಕೂತಿದ್ದ. ಮೂರನೆಯ ಸಾಲಿನಲ್ಲಿ ದಿನಾಂಕ ತಪ್ಪಿದ್ದು ಅವನಿಗೆ ಗೊತ್ತಾಯಿತು. ಅವಳೇ ಹಿಂತಿರುಗಿ ನೋಡಿ ತಿದ್ದುವವರೆಗೆ ಅವನು ಕೆಮ್ಮಲಿಲ್ಲ ಕೂಡ.

ಗುರುವಾರ ಸಮಿತಿಯಲ್ಲಿ ಮೂವರಿದ್ದರು: ಸೈಮಿ, ಸರ್ಜನ್ ಕೋಸ್ಕಿ, ಆಸ್ಪತ್ರೆಯ ಆಡಳಿತಾಧಿಕಾರಿ. ಟಿಪ್ಪಣಿ ಬರೆದುಕೊಳ್ಳಲು ಮಾರ್ಲಿಸ್. ವೆಸ್ಲಿಯ ಕಡತ ತೆರೆಯುವ ಮುಂಚೆ ಸೈಮಿ ಬೋರ್ಡಿಗೆ ಕಳಿಸಿದ ಪತ್ರದ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಉಳಿದ ಮೂವರೂ ಓದಿದರು. ಆಡಳಿತಾಧಿಕಾರಿ, ಇದನ್ನು ನಮಗೆ ತೋರಿಸಬೇಕಾಗಿರಲಿಲ್ಲವಲ್ಲ ಎಂದ. ಕೋಸ್ಕಿ ಕನ್ನಡಕ ಒರೆಸಿದ. ಬೋರ್ಡಿನ ಉತ್ತರ ಬರುವವರೆಗೆ ಇನ್ನೊಬ್ಬರ ಕಡತಕ್ಕೆ ತಾನು ಸಹಿ ಹಾಕಲಾರೆ, ಅಧ್ಯಕ್ಷಳಾಗಿ ಕೂರಲಾರೆ ಎಂದು ಹೇಳಿ ಸೈಮಿ ಎದ್ದಳು. ನವೆಂಬರಿನಲ್ಲಿ ಬರೆದಿಟ್ಟ ವಿಷಾದದ ಪತ್ರವನ್ನು ಕಡತದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅದನ್ನು ಹರಿಯುವ ಹಕ್ಕು ತನಗಿದೆಯೇ ಎಂದು ಯೋಚಿಸಿ, ಇಲ್ಲ ಎನ್ನಿಸಿ, ಮತ್ತೆ ಒಳಗಿಟ್ಟಳು.

ಕಾರಿಡಾರಿನಲ್ಲಿ ಅವಳು ಈ ತುದಿಯಿಂದ ಆ ತುದಿಗೆ ಹದಿನಾರು ಸಲ ನಡೆದಳು. ಆಮೇಲೆ ಮಾರ್ಲಿಸ್ ಬಾಗಿಲು ತೆರೆದು ಬಂದಳು.

“ಎರಡು ವರ್ಷ ಕೊಟ್ರು ವೆಸ್ಲಿಗೆ. ಕೋಸ್ಕಿ ಅಂದ್ರು, ಇಬ್ಬರನ್ನೂ ಒಟ್ಟಿಗೆ ಕಳ್ಕೊಂಡ್ರೆ ಹರ್ನಿಯಾ ಕೊಯ್ಯೋ ಕೈಲಿ ನಾನು ನ್ಯುಮೋನಿಯಾ ನೋಡ್ಬೇಕಾಗುತ್ತೆ ಅಂತ. ನಿಮ್ಮ ವಿಷಾದದ ಪತ್ರಾನ ಕಡತದಿಂದ ತೆಗೆದು ನನ್ನ ಕೈಗೇ ಕೊಟ್ರು.” ತಡೆದು ಮತ್ತೆ ಹೇಳಿದಳು. “ಬಿಸಾಡ್ಬೇಡ ಅಂದ್ರು. ಮಾದರಿ ಬೇಕಾಗಬಹುದಂತೆ.”

ಬೋರ್ಡಿನ ಉತ್ತರ ಮಾರ್ಚ್ ಮೊದಲ ವಾರ ಬಂತು. ಒಂದೇ ಪುಟ. ತಾವಾಗಿ ತಿಳಿಸಿದ್ದಕ್ಕೆ ವಂದನೆ ಎಂದು ಶುರುವಾಗಿತ್ತು. ತಾವು ಹೇಳಿದ ಆ ಪ್ರಶ್ನೆ ಇನ್ನೂ ಪ್ರಾಯೋಗಿಕವಾಗಿ ಸೇರಿಸಿದ್ದು, ಅದರ ಅಂಕವನ್ನು ಯಾರಿಗೂ ಎಣಿಸಿಲ್ಲ ಎಂದು ಎರಡನೆಯ ಪ್ಯಾರಾ ಹೇಳಿತು. ಆದರೂ ಇನ್ನೊಬ್ಬರ ಉತ್ತರ ತೆಗೆದುಕೊಂಡದ್ದು ಮತ್ತು ಪ್ರಶ್ನೆಗಳು ಇನ್ನೊಬ್ಬರ ಕಿವಿಗೆ ಬಿದ್ದದ್ದು ನಿಯಮಕ್ಕೆ ವಿರುದ್ಧ; ಆದ್ದರಿಂದ ಐದು ವರ್ಷದ ಫಲಿತಾಂಶವನ್ನು ರದ್ದು ಮಾಡಲಾಗಿದೆ ಎಂದು ಮೂರನೆಯದು. ಆಗಸ್ಟಿನಲ್ಲಿ ಹತ್ತು ಗಂಟೆಯ ದೊಡ್ಡ ಪರೀಕ್ಷೆಗೆ ಕೂರಬಹುದು. ಅಲ್ಲಿಯವರೆಗೆ ತಾವು ಸರ್ಟಿಫಿಕೇಟು ಉಳ್ಳವರಲ್ಲ.

ಅರ್ವಿದ್ ಎರಡನೆಯ ಪ್ಯಾರಾವನ್ನು ನಾಲ್ಕು ಸಲ ಓದಿದ. ಎಣಿಸದ ಪ್ರಶ್ನೆ, ಎಣಿಸದ ಪ್ರಶ್ನೆ ಎಂದು ಗೊಣಗುತ್ತ ಹಿತ್ತಲಿಗೆ ಹೋಗಿ, ಬೇಡದಿದ್ದರೂ ಒಂದು ಗಾಡಿ ಸೌದೆ ಒಡೆದ. ಸೈಮಿ ಕಿಟಕಿಯಿಂದ ನೋಡುತ್ತಿದ್ದಳು. ಆ ಒಂದು ಉತ್ತರವಿಲ್ಲದೆಯೂ ತಾನು ಪಾಸಾಗಿದ್ದೆ ಎಂಬುದು ಸಂತೋಷ ಕೊಡಬೇಕಿತ್ತು. ಸ್ವಲ್ಪ ಕೊಟ್ಟಿತು ಕೂಡ, ಆದರೆ ಕೈಯಲ್ಲಿದ್ದ ಕಾಗದ ಬದಲಾಗಲಿಲ್ಲ.

ಮರುದಿನ ಮಾರ್ಲಿಸ್ ಒಂದು ಲಕೋಟೆ ತಂದುಕೊಟ್ಟಳು. ಕೊಡುವಾಗ ಅವಳ ಕಣ್ಣು ಬೇರೆ ಕಡೆ ಇತ್ತು. ‘ವಿಷಾದದಿಂದ ತಿಳಿಸುವುದೇನೆಂದರೆ.’ ವಾಕ್ಯ, ಅಲ್ಪವಿರಾಮ, ಎಲ್ಲ ಸೈಮಿಯದೇ. ಹೆಸರು ಮಾತ್ರ ಬದಲಾಗಿತ್ತು. ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡಬಹುದು, ಆಸ್ಪತ್ರೆಯ ಹಾಸಿಗೆಗೆ ಸೇರಿಸಿಕೊಳ್ಳುವಂತಿಲ್ಲ.

ಹತ್ತು ದಿನವಾಗಿತ್ತು, ಹಿಲ್ಮಾ ಬಂದಳು. ಎಂಬತ್ತೊಂದು ವರ್ಷದ ವಿಧವೆ, ಮೂವತ್ತು ವರ್ಷದಿಂದ ಸೈಮಿಯ ರೋಗಿ. ಕಾಲು ಬಾತಿತ್ತು, ಎರಡು ಮಾತಿಗೊಮ್ಮೆ ಉಸಿರು ನಿಲ್ಲುತ್ತಿತ್ತು. ಇವಳನ್ನು ಮನೆಗೆ ಕಳಿಸುವಂತಿಲ್ಲ ಎಂದು ಬಾಗಿಲಲ್ಲಿ ನೋಡಿದಾಗಲೇ ಸೈಮಿಗೆ ಗೊತ್ತಾಯಿತು. ಫೋನು ಎತ್ತಿ ವೆಸ್ಲಿಯನ್ನು ಕರೆದಳು. ಒಬ್ಬ ರೋಗಿಯನ್ನು ನಿನ್ನ ಹೆಸರಿನಲ್ಲಿ ಸೇರಿಸಿಕೊಳ್ಳುತ್ತೀಯಾ ಎಂದು ಕೇಳಿದಳು. ಬರುತ್ತಿದ್ದೇನೆ ಎಂದಷ್ಟೇ ಅವನು ಹೇಳಿದ.

ವಾರ್ಡಿನಲ್ಲಿ ಸೈಮಿ ಹಾಸಿಗೆಯ ಈ ಬದಿಯಲ್ಲಿ ನಿಂತಳು, ವೆಸ್ಲಿ ಆ ಬದಿಯಲ್ಲಿ. ಹಿಲ್ಮಾಳ ಹೃದಯ, ಮೂತ್ರಪಿಂಡ, ಹಳೆಯ ಔಷಧ, ಯಾವ ಗುಳಿಗೆಗೆ ಮೈ ಕಡಿಯುತ್ತದೆ, ಯಾವುದನ್ನು ತೆಗೆದುಕೊಂಡೆ ಎಂದು ಸುಳ್ಳು ಹೇಳುತ್ತಾಳೆ, ಎಲ್ಲವನ್ನೂ ಒಂದು ಕಾಗದವಿಲ್ಲದೆ ಒಪ್ಪಿಸಿದಳು. ವೆಸ್ಲಿ ಬರೆದುಕೊಂಡ. ಹಿಲ್ಮಾ ಒಬ್ಬರಿಂದೊಬ್ಬರಿಗೆ ನೋಡಿದಳು.

“ನೀನ್ಯಾಕೆ ಬರೀತಿಲ್ಲ, ಸೈಮಿ?”

“ಈಗ ನಂಗೆ ಹಕ್ಕಿಲ್ಲ, ಹಿಲ್ಮಾ. ಪರೀಕ್ಷೆ ಮತ್ತೆ ಬರೀಬೇಕು.”

“ಈ ವಯಸ್ಸಲ್ಲಿ? ಅಂಥದ್ದೇನು ಮಾಡ್ದೆ?”

“ಗಂಡ ಹೇಳಿದ ಹಾಗೆ ಕೇಳ್ದೆ.”

ಹಿಲ್ಮಾ ನಗಲು ಹೋಗಿ ಕೆಮ್ಮಿದಳು. ಆಮ್ಲಜನಕದ ನಳಿಕೆ ಸರಿಪಡಿಸುವವರೆಗೂ ಅವಳ ಭುಜ ಕುಲುಕುತ್ತಿತ್ತು. “ನಲವತ್ತು ವರ್ಷ ಸಂಸಾರ ಮಾಡಿದೀನಿ, ಆ ತಪ್ಪು ಒಂದ್ಸಲಾನೂ ಮಾಡಿಲ್ಲ ನಾನು,” ಎಂದಳು.

ನೀರು ಇಳಿಸುವ ಔಷಧ ಎಷ್ಟು ಎಂದು ವೆಸ್ಲಿ ಕೇಳಿದ. ಸೈಮಿ ಹೇಳಿದಳು. ಅವನು ಬರೆಯಲು ಹೋಗಿ ನಿಲ್ಲಿಸಿದ, ಬೆಳಿಗ್ಗೆಯ ರಕ್ತದ ವರದಿಯನ್ನು ಅವಳ ಕಡೆ ತಿರುಗಿಸಿದ. ಮೂತ್ರಪಿಂಡ ಹೋದ ವಾರಕ್ಕಿಂತ ಸೋತಿದೆ, ಅಷ್ಟು ಬೇಡ, ಅರ್ಧ ಕೊಟ್ಟು ಸಂಜೆ ನೋಡೋಣವೇ ಎಂದ. ಅವಳು ವರದಿ ಓದಿದಳು, ತುಟಿ ಅಲುಗಿಸಿ ಅಂಕಿಗಳನ್ನು ಹೇಳಿಕೊಂಡಳು. ಅವನು ಹೇಳಿದ್ದು ಸರಿಯಾಗಿತ್ತು.

“ನಿಂದೇ ಸರಿ,” ಎಂದಳು. “ಅರ್ಧ ಕೊಡು.”

ಅವನು ಸಹಿ ಹಾಕಿದ. ಇಬ್ಬರೂ ಹೊರಗೆ ಬಂದರು. ಸೈಮಿಗೆ ಕ್ಲಿನಿಕ್ಕಿನಲ್ಲಿ ಆರು ಜನ ಕಾಯುತ್ತಿದ್ದರು, ಆದರೂ ಕಾರಿಡಾರಿನಲ್ಲಿ ಹೆಜ್ಜೆ ಅವಳಿಗೆ ಗೊತ್ತಿಲ್ಲದೆಯೇ ನಿಧಾನವಾಗಿತ್ತು. ವೆಸ್ಲಿ ಜೇಬಿನಲ್ಲಿ ಕೈಯಿಟ್ಟು ಪಕ್ಕದಲ್ಲೇ ನಡೆದ. ಆಗಸ್ಟಿಗೆ ತಾನೂ ಹೆಸರು ಕೊಟ್ಟಿದ್ದೇನೆ ಎಂದ. ಅದೇ ಊರು, ಅದೇ ಕೇಂದ್ರ, ಅದೇ ಮಂಗಳವಾರ. ನಾಲ್ಕನೆಯ ಸಲ.

“ಕಾರು ಒಂದೇ ಸಾಕಲ್ವಾ, ಡಾಕ್ಟ್ರೇ? ಎಪ್ಪತ್ತು ಮೈಲಿ ನಾನೊಬ್ಬನೇ ಹೋದ್ರೆ ಅಲ್ಲಿಗೆ ತಲುಪೋ ಹೊತ್ತಿಗೆ ತಲೆ ಖಾಲಿ ಆಗಿರುತ್ತೆ.”

ಸೈಮಿ ಕೋಟಿನ ಗುಂಡಿ ಹಾಕಿಕೊಂಡಳು.

“ಬಾ. ದಾರೀಲಿ ಏನು ಬೇಕಾದ್ರೂ ಕೇಳು, ನಾನೂ ಕೇಳ್ತೀನಿ. ಒಳಗೆ ಹೋದ್ಮೇಲೆ ಮಾತ್ರ ನೀನ್ಯಾರೋ ನಾನ್ಯಾರೋ.”